ಹೀಟರ್ ತಂತಿಯ ಆಯ್ಕೆ: ನೈಕ್ರೋಮೋ, ಕಾಂತಲ್ಲೋ?

ಬೆಳಗಾವಿಯ ಪೇಟೆಯಲ್ಲಿ ಹೀಟರ್ ತಂತಿ ಬೇಕೆಂದು ಕೇಳಿದರೆ ಅಂಗಡಿಯವರಿಂದ ಬರುವ ಮರುಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ಗೇಜು? ಗೇಜು, ಅಂದರೆ ತಂತಿಯ ದಪ್ಪ ತಿಳಿಸುವ ಅಂಕಿ, ಹೇಳಿದ ಕೂಡಲೇ ರೀಲಿನಿಂದ ತಂತಿ ಬಿಚ್ಚಿ, ತೂಗಿ, ಸುತ್ತಿ ಕೊಡುತ್ತಾರೆ. ಆ ತಂತಿ ಯಾವ ಮಿಶ್ರಲೋಹದ್ದು ಎಂಬ ಮಾತು ಕೊಡುವವರ ಬಾಯಲ್ಲೂ ಬರುವುದಿಲ್ಲ, ಕೊಳ್ಳುವವರ ಬಾಯಲ್ಲೂ ಬರುವುದಿಲ್ಲ. ಎಲ್ಲವನ್ನೂ ನೈಕ್ರೋಮ್ ಎಂದೇ ಕರೆಯುವ ರೂಢಿ ಬಿದ್ದುಹೋಗಿದೆ. ಹಾಸ್ಟೆಲ್ ಕೋಣೆಯ ಕರೆಂಟಿನ ಶೆಗಡಿಗೂ, ರೊಟ್ಟಿ ಪ್ಯಾಕ್ ಮಾಡುವ ಸೀಲಿಂಗ್ ಯಂತ್ರಕ್ಕೂ, ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಉಕ್ಕು ಹದಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಭಟ್ಟಿಗೂ ಒಂದೇ ರೀಲಿನ ತಂತಿ ಹೋದರೆ, ಒಂದು ಕಡೆ ಅದು ವರ್ಷಗಟ್ಟಲೆ ಬಾಳುತ್ತದೆ, ಇನ್ನೊಂದು ಕಡೆ ತಿಂಗಳೊಳಗೆ ತುಂಡಾಗುತ್ತದೆ. ಆಗ ಬೈಸಿಕೊಳ್ಳುವುದು ತಂತಿ ಸುತ್ತಿದ ಮಿಸ್ತ್ರಿ.

ಆಯ್ಕೆಗೆ ಒಂದು ಕ್ರಮವಿದೆ. ತಂತಿ ಎಷ್ಟು ಕಾಯಬೇಕು ಮತ್ತು ಕಾಯುವಾಗ ಅದರ ಸುತ್ತ ಏನಿರುತ್ತದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಅದರಿಂದ ಲೋಹ ಯಾವುದೆಂದು ತೀರ್ಮಾನವಾಗುತ್ತದೆ. ಬಳಿಕ ಬೇಕಾದ ವ್ಯಾಟ್‌ನಿಂದ ಓಮ್, ಅಂದರೆ ತಂತಿ ಕರೆಂಟಿಗೆ ಒಡ್ಡಬೇಕಾದ ರೋಧ (ತಡೆ), ಲೆಕ್ಕ ಮಾಡಬೇಕು. ದಪ್ಪ ಮತ್ತು ಉದ್ದ ಕೊನೆಗೆ ಬರುತ್ತವೆ, ಅವೆರಡನ್ನೂ ಒಟ್ಟಿಗೇ ನಿರ್ಧರಿಸಬೇಕಾಗುತ್ತದೆ. ಗೇಜಿನಿಂದ ಆರಂಭಿಸುವುದೆಂದರೆ ಈ ಕ್ರಮವನ್ನು ಹಿಂದುಮುಂದು ಮಾಡಿದಂತೆ.

ಮಿಶ್ರಲೋಹಗಳು

ಕೆಂಪಗೆ ಕಾಯುವ ಕೆಲಸಗಳಿಗೆ ಬಳಕೆಯಲ್ಲಿರುವ ತಂತಿಗಳು ಮುಖ್ಯವಾಗಿ ಎರಡು ಕುಲದವು. ಮೊದಲನೆಯದು ನಿಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಮೇಲೆಯೇ ವಿದ್ಯುತ್ ಇಸ್ತ್ರಿ, ಟೋಸ್ಟರ್, ಶೆಗಡಿಗಳು ಮನೆಮನೆಗೆ ಬರುವುದು ಸಾಧ್ಯವಾಯಿತು. ಎರಡನೆಯದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ. ಸ್ವೀಡನ್ನಿನ ಹಾಲ್‌ಸ್ಟಹಮ್ಮಾರ್ ಎಂಬ ಊರಿನಲ್ಲಿ ಹಾನ್ಸ್ ಫಾನ್ ಕಾಂಟ್ಸೋ ಇದನ್ನು ರೂಪಿಸಿ, 1931ರಲ್ಲಿ ಕಾಂತಲ್ ಕಂಪನಿಯನ್ನು ಆರಂಭಿಸಿದರು. ಕಾಂತಲ್ ಎಂಬುದು ಆ ಕಂಪನಿಯ ಹೆಸರು ಮಾತ್ರ. ಬೇರೆ ತಯಾರಕರೂ ಇದೇ ಜಾತಿಯ ತಂತಿ ಮಾಡುತ್ತಾರೆ, ಪೇಟೆಯಲ್ಲಿ ಅವೆಲ್ಲಕ್ಕೂ ಕಾಂತಲ್ ಎಂಬ ಹೆಸರೇ ಅಂಟಿಕೊಂಡಿದೆ. ಈ ಬರಹದಲ್ಲಿಯೂ ಆ ರೂಢಿಯನ್ನೇ ಅನುಸರಿಸಿದ್ದೇನೆ.

ನೈಕ್ರೋಮ್‌ನಲ್ಲಿ ನೂರಕ್ಕೆ 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಇರುವುದು ಉತ್ತಮ ದರ್ಜೆ. ಇದರ ರೋಧಶೀಲತೆ, ಅಂದರೆ ಕರೆಂಟನ್ನು ತಡೆಯುವ ಲೋಹದ ಸ್ವಂತ ಗುಣದ ಅಳತೆ, ಸುಮಾರು 1.09 ಮೈಕ್ರೋ-ಓಮ್-ಮೀಟರ್, ತಂತಿ ತಾಳಬಲ್ಲ ಉಷ್ಣತೆ ಹೆಚ್ಚೆಂದರೆ 1200 ಡಿಗ್ರಿ ಸೆಲ್ಸಿಯಸ್. ಇನ್ನೊಂದು ದರ್ಜೆಯಲ್ಲಿ ನಿಕಲ್ 60, ಕ್ರೋಮಿಯಂ 15ರ ಆಸುಪಾಸು, ಉಳಿದದ್ದು ಬಹುಮಟ್ಟಿಗೆ ಕಬ್ಬಿಣ. ಇದು ಅಗ್ಗ, ಆದರೆ ಕಾದಾಗ ಇದರ ರೋಧ ಶೇ. 10ರಷ್ಟು ಏರುತ್ತದೆ, 80-20ರಲ್ಲಿ ಆ ಏರಿಕೆ ಶೇ. 5ರ ಒಳಗೇ ಇರುತ್ತದೆ. ಕಾಂತಲ್‌ನ ಎ-1 ದರ್ಜೆಯ ರೋಧಶೀಲತೆ 1.45, ತಾಳುವ ಉಷ್ಣತೆ 1400 ಡಿಗ್ರಿ. ಅಲ್ಯೂಮಿನಿಯಂ ಸ್ವಲ್ಪ ಕಡಿಮೆ ಇರುವ ಡಿ ದರ್ಜೆಗೆ ಇವು ಕ್ರಮವಾಗಿ 1.35 ಮತ್ತು 1300 ಡಿಗ್ರಿ. ಈ ಗರಿಷ್ಠ ಅಂಕಿಗಳೆಲ್ಲ ದಪ್ಪ ತಂತಿಗೆ ಸಂಬಂಧಿಸಿದವು ಎಂಬುದನ್ನು ಮರೆಯಬಾರದು. ಅರ್ಧ ಮಿಲಿಮೀಟರಿಗಿಂತ ಸಣ್ಣ ತಂತಿ ಯಾವ ಲೋಹದ್ದೇ ಆಗಿರಲಿ, ಅದನ್ನು 1000 ಡಿಗ್ರಿಯ ಆಸುಪಾಸಿನಾಚೆಗೆ ದುಡಿಸುವುದು ಜಾಣತನವಲ್ಲ.

ಕೇವಲ ಅಂಕಿಗಳನ್ನು ನೋಡಿದರೆ ಕಾಂತಲ್ ಎಲ್ಲದರಲ್ಲೂ ಮೇಲು ಎನ್ನಿಸುತ್ತದೆ. ನಿಕಲ್ ಇಲ್ಲದ್ದರಿಂದ ಬೆಲೆಯೂ ಕಡಿಮೆ. ರೋಧಶೀಲತೆ ಹೆಚ್ಚು, ಸಾಂದ್ರತೆ ಕಡಿಮೆ ಆಗಿರುವುದರಿಂದ, ಅಷ್ಟೇ ದಪ್ಪದಲ್ಲಿ ಅಷ್ಟೇ ಓಮ್ ಪಡೆಯಲು ನೈಕ್ರೋಮ್‌ನ ತೂಕದ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ ತೂಕದ ಕಾಂತಲ್ ಸಾಕು. ತಂತಿ ತೂಕದ ಮೇಲೆ ಮಾರಾಟವಾಗುವ ಪೇಟೆಯಲ್ಲಿ ಇದು ಸಣ್ಣ ಉಳಿತಾಯವೇನಲ್ಲ. ಆದರೂ ಎಲ್ಲ ಕೆಲಸಕ್ಕೂ ಕಾಂತಲ್ ಹಾಕಿ ಎಂದು ನಾನು ಹೇಳುವುದಿಲ್ಲ. ಏಕೆಂಬುದು ತಂತಿಯ ಮೈಮೇಲೆ ಬೆಳೆಯುವ ಪದರದಿಂದಲೂ, ಕಾದ ಬಳಿಕ ಅದರ ಒಳಗಾಗುವ ಬದಲಾವಣೆಯಿಂದಲೂ ತಿಳಿಯುತ್ತದೆ.

ಈ ತಂತಿಗಳು ಗಾಳಿಯಲ್ಲಿ ಕೆಂಪಗೆ ಕಾದರೂ ಸುಟ್ಟು ಬೂದಿಯಾಗದಿರಲು ಕಾರಣ, ಮೊದಲ ಕಾಯುವಿಕೆಯಲ್ಲೇ ಮೇಲ್ಮೈಯಲ್ಲಿ ಕೂರುವ ಆಕ್ಸೈಡ್ ಪದರ. ನೈಕ್ರೋಮ್‌ನ ಮೇಲೆ ಕ್ರೋಮಿಯಂ ಆಕ್ಸೈಡಿನ ಕಪ್ಪು-ಹಸಿರು ಪದರ ಬೆಳೆದರೆ, ಕಾಂತಲ್‌ನ ಮೇಲೆ ಅಲ್ಯೂಮಿನಾ, ಅಂದರೆ ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆಯಲ್ಲಿ ತಯಾರಾಗುವ ಅದೇ ಅಲ್ಯೂಮಿನಾ, ತೆಳುವಾಗಿ ಬೂದುಬಣ್ಣದಲ್ಲಿ ಕೂರುತ್ತದೆ. ಅಲ್ಯೂಮಿನಾ ಪದರ ಹೆಚ್ಚು ಬಿಗಿ, ಹೆಚ್ಚು ಶಾಖ ತಾಳುತ್ತದೆ, ಗಂಧಕದ ಹೊಗೆಗೂ ಜಗ್ಗುವುದಿಲ್ಲ. ನಿಕಲ್‌ಗೆ ಗಂಧಕ ಶತ್ರು. ಟೈರು ಹದಮಾಡುವ ಶೆಡ್ಡಿನಲ್ಲಿಯೋ, ಗಂಧಕದ ಅಂಶವಿರುವ ಎಣ್ಣೆಯ ಹೊಗೆ ತಾಗುವಲ್ಲಿಯೋ ನೈಕ್ರೋಮ್ ತಂತಿ ಬೇಗ ಕೆಡುತ್ತದೆ. ಅದೇ ರೀತಿ ಇದ್ದಿಲಿನ ಪೆಟ್ಟಿಗೆಯಲ್ಲಿ ಉಕ್ಕಿಗೆ ಕಾರ್ಬನ್ ಏರಿಸುವ ಭಟ್ಟಿಯಲ್ಲಿ, ಆಮ್ಲಜನಕ ಕಡಿಮೆಯಾದ ಗಾಳಿ 800ರಿಂದ 950 ಡಿಗ್ರಿಯ ನಡುವೆ ನೈಕ್ರೋಮ್‌ನ ಕ್ರೋಮಿಯಂ ಅನ್ನು ಮಾತ್ರ ಆರಿಸಿ ತಿನ್ನುವುದುಂಟು; ಮುರಿದ ತಂತಿಯ ಒಳಭಾಗ ಹಸಿರಾಗಿ ಕಂಡರೆ ರೋಗ ಇದೇ ಎಂದು ತಿಳಿಯಬೇಕು.

ಕಾಂತಲ್‌ನ ದೌರ್ಬಲ್ಯಗಳು ಬೇರೆ. ಮೊದಲ ಬಾರಿ ಚೆನ್ನಾಗಿ ಕಾದು ಆರಿದ ಮೇಲೆ ಅದರ ಒಳಗಿನ ಹರಳುಗಳು ದೊಡ್ಡವಾಗಿ ತಂತಿ ಪೆಡಸಾಗುತ್ತದೆ. ತಣ್ಣಗಿರುವಾಗ ಬಾಗಿಸಹೋದರೆ ಲಟಕ್ಕನೆ ಮುರಿಯುತ್ತದೆ. ನೈಕ್ರೋಮ್ ಹಾಗಲ್ಲ, ವರ್ಷ ಕಾದ ಸುರುಳಿಯನ್ನೂ ಇಕ್ಕಳದಿಂದ ಎಳೆದು, ತುಂಡಾದಲ್ಲಿ ಹೆಣೆದು ಮತ್ತೆ ಕೂರಿಸಬಹುದು. ಎರಡನೆಯ ದೌರ್ಬಲ್ಯವೆಂದರೆ, ಅತಿ ಶಾಖದಲ್ಲಿ ಕಾಂತಲ್ ಮೆತ್ತಗಾಗಿ ತನ್ನ ಭಾರಕ್ಕೇ ಜೋಲುತ್ತದೆ, ಆದ್ದರಿಂದ ಅದಕ್ಕೆ ಉದ್ದಕ್ಕೂ ಗಾಡಿಯ (ಸುರುಳಿ ಕೂರಲು ಕೊರೆದ ತೋಡಿನ) ಅಥವಾ ಕೊಳವೆಯ ಆಸರೆ ಬೇಕು. ಮೂರನೆಯದು, ಉಪ್ಪು ಮತ್ತು ಕ್ಷಾರದ ಸ್ಪರ್ಶಕ್ಕೆ, ಕಬ್ಬಿಣದ ತುಕ್ಕಿನ ಸ್ಪರ್ಶಕ್ಕೆ ಅಲ್ಯೂಮಿನಾ ಪದರ ಕೆಡುತ್ತದೆ. ಬಡಿದ ಉಕ್ಕಿನ ತುಣುಕುಗಳಿಂದ ಉದುರುವ ಕರಿ ಹೊಪ್ಪಳೆ ಕಾಂತಲ್ ಸುರುಳಿಯ ಮೇಲೆ ಕೂತಲ್ಲಿ ತಂತಿ ಕೊರೆಯುತ್ತಾ ಹೋಗುತ್ತದೆ.

ಉಳಿದ ತಂತಿಗಳ ಮಾತು ಚುಟುಕಾಗಿ ಮುಗಿಸಬಹುದು. ತಾಮ್ರ 55, ನಿಕಲ್ 45 ಇರುವ ಕಾನ್‌ಸ್ಟಾಂಟನ್‌ನ ರೋಧ ಉಷ್ಣತೆಯೊಂದಿಗೆ ಬಹುತೇಕ ಬದಲಾಗುವುದೇ ಇಲ್ಲ. ಅಳತೆಯ ಉಪಕರಣಗಳಿಗೂ, ಹಿತವಾಗಿ ಬೆಚ್ಚಗಿಡುವ ಕೆಲಸಗಳಿಗೂ ಅದು ಸರಿ, ಕೆಂಪಗೆ ಕಾಯಿಸಲು ಸಲ್ಲ. ಸ್ಟೀಲ್ ಅಂದರೆ ಸ್ಟೇನ್‌ಲೆಸ್ ತಂತಿಯ ರೋಧಶೀಲತೆ 0.73ರ ಆಸುಪಾಸು, ಕಾದಂತೆ ಏರುತ್ತಲೇ ಹೋಗುತ್ತದೆ. ಸುಲಭವಾಗಿ ಸಿಗುತ್ತದೆಂದು ಶೆಗಡಿಗೆ ಹಾಕುವವರಿದ್ದಾರೆ, ಅದು ಹೊಪ್ಪಳೆಯೆದ್ದು ಬೇಗ ಸವೆಯುತ್ತದೆ. ಶುದ್ಧ ನಿಕಲ್ ಮತ್ತು ಟೈಟೇನಿಯಂ ತಂತಿಗಳು ನಮ್ಮ ಕೆಲಸಕ್ಕೆ ಬೇಕಾಗುವುದೇ ಇಲ್ಲ.

ಅಂಗಡಿಯಲ್ಲಿ ತಂತಿಯ ಪರೀಕ್ಷೆ

ಕೈಯಲ್ಲಿ ಹಿಡಿದ ಹೊಸ ತಂತಿ ನೈಕ್ರೋಮೋ ಕಾಂತಲ್ಲೋ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಆಯಸ್ಕಾಂತವೊಂದು ಜೇಬಿನಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ: ತಣ್ಣಗಿರುವ ಕಾಂತಲ್ ಆಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ, 80-20 ನೈಕ್ರೋಮ್ ಅಂಟುವುದಿಲ್ಲ. ಆದರೆ ಕಬ್ಬಿಣದ ತಂತಿಯೂ ಅಂಟುತ್ತದೆ, ಸ್ಟೀಲ್ ತಂತಿ ಹೆಚ್ಚಾಗಿ ಅಂಟುವುದಿಲ್ಲ. ಆದಕಾರಣ ಎರಡನೆಯ ಪರೀಕ್ಷೆಯಾಗಿ ಓಮ್ ಅಳೆಯಬೇಕು.

ಮೂರು ಮೀಟರ್ ತಂತಿಯನ್ನು ಸುತ್ತುಗಳು ಒಂದಕ್ಕೊಂದು ತಾಗದಂತೆ ನೇರವಾಗಿ ಹರವಿ, ಮಲ್ಟಿಮೀಟರಿನ ಎರಡು ಮುಳ್ಳುಗಳನ್ನು ತುದಿಗಳಿಗೆ ಒತ್ತಿ ಹಿಡಿಯಬೇಕು. ಮೊದಲು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿದಾಗ ತೋರುವ ಅಂಕಿಯನ್ನು, ಸಾಮಾನ್ಯವಾಗಿ 0.2ರಿಂದ 0.5 ಓಮ್, ಬಂದ ಅಳತೆಯಿಂದ ಕಳೆಯಬೇಕು; ಒಂದು ಗೇಣು ತಂತಿ ಅಳೆದರೆ ಈ ದೋಷವೇ ಅಳತೆಯನ್ನು ನುಂಗಿಬಿಡುತ್ತದೆ, ಉದ್ದ ತಂತಿ ತೆಗೆದುಕೊಳ್ಳಲು ಹೇಳುವುದು ಅದಕ್ಕಾಗಿಯೇ. 22 ಗೇಜಿನ, ಅಂದರೆ 0.71 ಮಿ.ಮೀ. ದಪ್ಪದ ತಂತಿ ಮೂರು ಮೀಟರಿಗೆ 8.2 ಓಮ್‌ನ ಆಸುಪಾಸು ತೋರಿದರೆ ಅದು ನೈಕ್ರೋಮ್. 10.2 ತೋರಿದರೆ ಕಾಂತಲ್ ಡಿ, 11ರ ಹತ್ತಿರ ತೋರಿದರೆ ಎ-1. 5.5ರ ಆಸುಪಾಸು ಬಂದರೆ ಸ್ಟೀಲ್. ಒಂದು ಓಮ್ ಕೂಡ ಬಾರದೆ ಆಯಸ್ಕಾಂತಕ್ಕೆ ಅಂಟಿದರೆ ಅದು ಬೇಲಿಗೆ ಕಟ್ಟುವ ತಂತಿ.

ಈ ಲೆಕ್ಕವೆಲ್ಲ ದಪ್ಪ ಸರಿಯಾಗಿ ತಿಳಿದಿದ್ದರೆ ಮಾತ್ರ ನಿಲ್ಲುತ್ತದೆ, ಏಕೆಂದರೆ ರೋಧವು ದಪ್ಪದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ದಪ್ಪದಲ್ಲಿ ಶೇ. 10 ತಪ್ಪಿದರೆ ಓಮ್‌ನಲ್ಲಿ ಶೇ. 20ರ ಮೇಲೆ ತಪ್ಪುತ್ತದೆ. ನಮ್ಮ ಪೇಟೆಯಲ್ಲಿ ಗೇಜು ಎಂದರೆ ಬ್ರಿಟಿಷರ ಕಾಲದಿಂದ ಬಂದ ಎಸ್‌ಡಬ್ಲ್ಯೂಜಿ. ಆನ್‌ಲೈನಿನಲ್ಲಿ ತರಿಸುವ ರೀಲುಗಳ ಮೇಲೆ ಇರುವುದು ಹೆಚ್ಚಾಗಿ ಅಮೆರಿಕದ ಎಡಬ್ಲ್ಯೂಜಿ. 24 ಎಸ್‌ಡಬ್ಲ್ಯೂಜಿ ಎಂದರೆ 0.56 ಮಿ.ಮೀ., 24 ಎಡಬ್ಲ್ಯೂಜಿ ಎಂದರೆ 0.51 ಮಿ.ಮೀ. ಗೇಜಿನ ಅಂಕಿಯನ್ನು ನಂಬುವುದಕ್ಕಿಂತ ಮೈಕ್ರೋಮೀಟರಿನಲ್ಲಿ ಮಿಲಿಮೀಟರ್ ಅಳೆದು ಬರೆದಿಡುವುದೇ ಒಳ್ಳೆಯದು. ಅಂತರ್ಜಾಲದಲ್ಲಿ ಈ ತಂತಿಗಳ ಬಗ್ಗೆ ಸಿಗುವ ಬರಹಗಳಲ್ಲಿ ಹಲವು ಇ-ಸಿಗರೇಟಿನ ಕಾಯಿಲ್‌ಗೆ ಸಂಬಂಧಿಸಿದವು. ನಮ್ಮ ದೇಶದಲ್ಲಿ ಆ ಸರಕಿನ ತಯಾರಿಕೆ, ಮಾರಾಟ, ಸಂಗ್ರಹ ಎಲ್ಲವೂ 2019ರ ಕಾಯ್ದೆಯಿಂದ ನಿಷಿದ್ಧವಾಗಿವೆ. ಅಷ್ಟೇ ಅಲ್ಲದೆ, ಸಣ್ಣ ಬ್ಯಾಟರಿಯ ಮೂರು-ನಾಲ್ಕು ವೋಲ್ಟಿಗೆ ಮಾಡಿದ ಆ ಲೆಕ್ಕಗಳನ್ನು 230 ವೋಲ್ಟಿನ ಶೆಗಡಿಗೆ ಅನ್ವಯಿಸಿದರೆ ತಂತಿ ಕ್ಷಣದಲ್ಲಿ ಉರಿದುಹೋಗುತ್ತದೆ.

ದಪ್ಪ ಮತ್ತು ಉದ್ದದ ಲೆಕ್ಕ

ವೋಲ್ಟಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ಬೇಕಾದ ಓಮ್ ಸಿಗುತ್ತದೆ. 230 ವೋಲ್ಟಿನಲ್ಲಿ 2000 ವ್ಯಾಟಿನ ಶೆಗಡಿಗೆ 26.5 ಓಮ್ ಬೇಕು, 1000 ವ್ಯಾಟಿಗೆ 52.9 ಓಮ್. ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. 26.5 ಓಮ್ ಅನ್ನು ಹೇಗೆ ಬೇಕಾದರೂ ಪಡೆಯಬಹುದು: 26 ಗೇಜಿನ ನೈಕ್ರೋಮ್‌ನಲ್ಲಿ ನಾಲ್ಕು ಮೀಟರ್ ಸಾಕು, 20 ಗೇಜಿನದಾದರೆ ಹದಿನಾರು ಮೀಟರ್ ಬೇಕು. ಎರಡೂ ಅಷ್ಟೇ ಕರೆಂಟು ಎಳೆಯುತ್ತವೆ, ಅಷ್ಟೇ ವ್ಯಾಟ್ ಕೊಡುತ್ತವೆ. ಆದರೆ ಮೊದಲನೆಯದು ಸ್ವಿಚ್ ಹಾಕಿದ ಕೆಲವೇ ಕ್ಷಣಗಳಲ್ಲಿ ಬೆಳ್ಳಗೆ ಹೊಳೆದು ತುಂಡಾಗುತ್ತದೆ.

ತಂತಿಯ ಹೊರಮೈಯ ಪ್ರತಿ ಚದರ ಸೆಂಟಿಮೀಟರಿನಿಂದ ಎಷ್ಟು ವ್ಯಾಟ್ ಹೊರಹೋಗಬೇಕು ಎಂಬುದೇ ಇಲ್ಲಿನ ಗುಟ್ಟು. ಹೊರಮೈ ಕಂಡುಹಿಡಿಯಲು ತಂತಿಯ ದಪ್ಪವನ್ನೂ ಉದ್ದವನ್ನೂ ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಗುಣಿಸಿ, 3.14ರಿಂದ ಮತ್ತೆ ಗುಣಿಸಬೇಕು. ಮೇಲಿನ 26 ಗೇಜಿನ ತಂತಿಯ ಹೊರಮೈ 57 ಚದರ ಸೆಂಟಿಮೀಟರ್ ಮಾತ್ರ, ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 35 ವ್ಯಾಟ್ ಹೊರೆ. 20 ಗೇಜಿನ ತಂತಿಗೆ ಹೊರಮೈ 457, ಹೊರೆ 4.4 ವ್ಯಾಟ್. ಗಾಳಿಗೆ ತೆರೆದಿರುವ ಶೆಗಡಿಯ ಸುರುಳಿಗೆ 4ರಿಂದ 5 ವ್ಯಾಟಿನ ಹೊರೆ ಸರಿಯಾಗಿ ಕೂರುತ್ತದೆ. ಫ್ಯಾನಿನ ಗಾಳಿ ಹೊಡೆಯುವ ರೂಮ್ ಹೀಟರಿನಲ್ಲಿ ಇನ್ನಷ್ಟು ಏರಿಸಬಹುದು. ಎಲ್ಲ ಕಡೆ ಮುಚ್ಚಿದ ಭಟ್ಟಿಯಲ್ಲಿ, ಒಳಗೇ ಸಾವಿರ ಡಿಗ್ರಿ ಇರುವಾಗ, 1ರಿಂದ 1.5ಕ್ಕೆ ಇಳಿಸಬೇಕು. ಈ ಒಂದು ಅಂಕಿಯನ್ನು ಲೆಕ್ಕ ಮಾಡದೆ ತಂತಿ ಸುತ್ತಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸುಲಭಕ್ಕಾಗಿ 80-20 ನೈಕ್ರೋಮ್‌ನ ಕೆಲವು ಅಂಕಿಗಳನ್ನು ಬರೆದಿಟ್ಟುಕೊಳ್ಳಬಹುದು. 20 ಗೇಜು, ಅಂದರೆ 0.91 ಮಿ.ಮೀ., ಮೀಟರಿಗೆ 1.66 ಓಮ್, 22 ಗೇಜು 2.74, 24 ಗೇಜು 4.44, 26 ಗೇಜು 6.65, 28 ಗೇಜು, ಅಂದರೆ 0.38 ಮಿ.ಮೀ., 9.8 ಓಮ್. ಕಾಂತಲ್ ಎ-1 ಆದರೆ ಇವನ್ನು 1.33ರಿಂದ, ಡಿ ಆದರೆ 1.24ರಿಂದ ಗುಣಿಸಿದರಾಯಿತು.

ವೋಲ್ಟಿನ ಏರಿಳಿತವನ್ನೂ ಗಮನದಲ್ಲಿಡಬೇಕು. ಹೆಸ್ಕಾಂನ ದೂರದ ಲೈನುಗಳಲ್ಲಿ, ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ವೋಲ್ಟ್ 190ಕ್ಕೆ ಇಳಿದರೆ ಶಾಖ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಮಧ್ಯರಾತ್ರಿ 250ಕ್ಕೆ ಏರಿದರೆ ಶೇ. 18 ಹೆಚ್ಚಾಗುತ್ತದೆ. ಕಡಿಮೆ ವೋಲ್ಟಿಗೆಂದು ತಂತಿ ಮೊಟಕು ಮಾಡಿದವರ ಶೆಗಡಿ ಸುಡುವುದು ಇಂಥ ರಾತ್ರಿಯಲ್ಲೇ. ಲೆಕ್ಕವನ್ನು 230ಕ್ಕೇ ಮಾಡಿ, ಹೊರೆಯನ್ನು ತುಸು ಕಡಿಮೆ ಇಟ್ಟುಕೊಳ್ಳುವುದು ಕ್ಷೇಮ.

ಯಾವ ಕೆಲಸಕ್ಕೆ ಯಾವುದು

ಕರೆಂಟಿನ ಶೆಗಡಿಗೆ 80-20 ನೈಕ್ರೋಮ್ ಹಾಕಬೇಕೆಂದೇ ನಾನು ಹೇಳುತ್ತೇನೆ, ಕಾಂತಲ್ ಅಗ್ಗವಾಗಿದ್ದರೂ ಸಹ. ಅಡುಗೆಯಲ್ಲಿ ಹಾಲು ಉಕ್ಕುತ್ತದೆ, ಉಪ್ಪು ಹಾಕಿದ ಬೇಳೆಯ ನೀರು ಚೆಲ್ಲುತ್ತದೆ, ಪಾತ್ರೆ ಎಳೆದಾಡುವಾಗ ಸುರುಳಿ ಗಾಡಿಯಿಂದ ಎದ್ದುಬರುತ್ತದೆ. ಇಂಥ ಕಡೆ ಉಪ್ಪಿಗೆ ಸೋಲುವ, ಒಮ್ಮೆ ಕಾದ ಮೇಲೆ ಬಾಗದ ತಂತಿ ಹೊಂದುವುದಿಲ್ಲ. ನೈಕ್ರೋಮ್ ಸುರುಳಿಯನ್ನು ಮತ್ತೆ ಒಳಗೆ ಒತ್ತಿ ಕೂರಿಸಬಹುದು. ಒತ್ತುವ ಮುನ್ನ ಪ್ಲಗ್ ಕಿತ್ತಿರಬೇಕೆಂಬುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ, ಏಕೆಂದರೆ ಸ್ವಿಚ್ ಆರಿಸಿದ್ದರೂ ವೈರಿಂಗ್ ತಿರುವುಮುರುವಾದ ಮನೆಗಳಲ್ಲಿ ಸುರುಳಿಯಲ್ಲಿ ಕರೆಂಟು ಇದ್ದೇ ಇರುತ್ತದೆ. 2000 ವ್ಯಾಟ್ ಎಂದರೆ 8.7 ಆಂಪಿಯರ್, ಇದಕ್ಕೆ 16 ಆಂಪಿಯರಿನ ಪವರ್ ಸಾಕೆಟ್ಟೇ ಬೇಕು. ಬೋಗುಣಿಯಲ್ಲಿ ನೀರು ಕಾಯಿಸಲು ಬರಿ ಸುರುಳಿಯನ್ನು ನೀರಿನಲ್ಲಿ ಇಳಿಬಿಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಂಟು. ಅದಕ್ಕೆ ಯಾವ ತಂತಿಯೂ ಸರಿಯಲ್ಲ, ಕೊಳವೆಯೊಳಗೆ ಮುಚ್ಚಿದ ರಾಡೇ ಬೇಕು.

ವಿಜಯಪುರದ ಕಡಕ್ ರೊಟ್ಟಿ, ಬಾಗಲಕೋಟೆ ಕಡೆಯ ಶೇಂಗಾ ಚಟ್ನಿ, ಗೋಕಾಕದ ಕರದಂಟು ಇವನ್ನೆಲ್ಲ ಪ್ಯಾಕ್ ಮಾಡುವ ಕೈ ಸೀಲಿಂಗ್ ಯಂತ್ರಗಳಲ್ಲಿ ಇರುವುದು ನೈಕ್ರೋಮ್‌ನ ಚಪ್ಪಟೆ ಪಟ್ಟಿ. ಇಲ್ಲಿ ಪ್ರಶ್ನೆ ಉಷ್ಣತೆಯದ್ದಲ್ಲ. ಕ್ಷಣದಲ್ಲಿ ಕಾದು ಕ್ಷಣದಲ್ಲಿ ಆರುವ, ಸಾವಿರಾರು ಬಾರಿ ಹಿಗ್ಗಿ ಕುಗ್ಗಿದರೂ ಪೆಡಸಾಗದ ಗುಣದ್ದು. ಆದ್ದರಿಂದ ನೈಕ್ರೋಮ್‌ಗೆ ಬದಲಿಯಿಲ್ಲ. ಪಟ್ಟಿ ಬದಲಿಸುವಾಗ ಹಳೆಯದರ ಅಗಲ ಮತ್ತು ಉದ್ದವನ್ನು ಮಾತ್ರ ನೋಡಿ ತಂದರೆ ಸಾಲದು, ತೆಳುವನ್ನೂ ಅಳೆಯಬೇಕು. ಒಳಗಿನ ಟ್ರಾನ್ಸ್‌ಫಾರ್ಮರ್ ಆ ಪಟ್ಟಿಯ ಓಮ್‌ಗೆಂದೇ ಮಾಡಿದ್ದಾಗಿರುತ್ತದೆ. ದಪ್ಪ ಪಟ್ಟಿ ಹಾಕಿದರೆ ಕರೆಂಟು ಹೆಚ್ಚಿ ಟ್ರಾನ್ಸ್‌ಫಾರ್ಮರ್ ಕಾಯುತ್ತದೆ. ಪಟ್ಟಿ ಪದೇಪದೇ ಒಂದೇ ಜಾಗದಲ್ಲಿ ಸುಡುತ್ತಿದ್ದರೆ ತಪ್ಪು ಪಟ್ಟಿಯದ್ದಲ್ಲ, ಮೇಲಿನ ಟೆಫ್ಲಾನ್ ಬಟ್ಟೆ ಅಲ್ಲಿ ತೂತಾಗಿರುತ್ತದೆ ಅಥವಾ ತುದಿಯ ಸ್ಪ್ರಿಂಗ್ ಸಡಿಲವಾಗಿರುತ್ತದೆ.

ಗಾದಿಯ ಸ್ಪಂಜು, ಪ್ಯಾಕಿಂಗಿನ ಥರ್ಮೋಕೋಲ್ ಕತ್ತರಿಸುವ ಬಿಲ್ಲಿಗೂ ನೈಕ್ರೋಮ್ ತಂತಿಯೇ ಸರಿ, ಕಾರಣ ಅದು ಕಾದಾಗಲೂ ಎಳೆತ ತಾಳುತ್ತದೆ. 60 ಸೆಂಟಿಮೀಟರ್ ಉದ್ದದ 26 ಗೇಜಿನ ತಂತಿಗೆ 4 ಓಮ್. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ 3 ಆಂಪಿಯರ್ ಹರಿದು 36 ವ್ಯಾಟ್ ಬರುತ್ತದೆ. ತಂತಿ ಕೆಂಪಾಗಬಾರದು; ಕೆಂಪಾದರೆ ಸರಕು ಕತ್ತರಿಸುವುದರ ಬದಲು ಕರಗಿ ಗುಂಡಿ ಬೀಳುತ್ತದೆ, ಹೊಗೆಯೂ ಏಳುತ್ತದೆ. ಶಾಖ ಹೆಚ್ಚುಕಡಿಮೆ ಮಾಡಲು ಟ್ರಾನ್ಸ್‌ಫಾರ್ಮರಿನ ಹಿಂದೆ ಡಿಮ್ಮರ್‌ಸ್ಟಾಟ್ ಇಡಬೇಕು. ಒಂದು ಮೀಟರ್ ತಂತಿ 300 ಡಿಗ್ರಿಗೆ ಕಾದಾಗ ಸುಮಾರು 4 ಮಿ.ಮೀ. ಉದ್ದವಾಗುತ್ತದೆ, ಆದ್ದರಿಂದ ಒಂದು ತುದಿಗೆ ಸ್ಪ್ರಿಂಗ್ ಕಡ್ಡಾಯ. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಬಲ್ಬನ್ನು ಸರಣಿಯಲ್ಲಿಟ್ಟು ನೇರ 230 ವೋಲ್ಟಿಗೆ ಜೋಡಿಸುವುದು ಜೀವಕ್ಕೆ ಅಪಾಯ.

ಕಾಂತಲ್‌ನ ನಿಜವಾದ ರಾಜ್ಯ ಭಟ್ಟಿ. ಖಾನಾಪುರದ ಕುಂಬಾರಿಕೆ ಹೆಸರುವಾಸಿ; ಗ್ರಾಮೀಣ ಕುಂಬಾರಿಕೆಯ ಕೇಂದ್ರ ಸಂಸ್ಥೆಯೂ ಅಲ್ಲಿದೆ. ಕೆಂಪು ಮಣ್ಣಿನ ಮಡಕೆ ಕುಡಿಕೆಗಳು 900ರಿಂದ 1000 ಡಿಗ್ರಿಯಲ್ಲಿ ಸುಡುತ್ತವೆ, ಅದಕ್ಕೆ ನೈಕ್ರೋಮ್ ಕೂಡ ನಡೆಯುತ್ತದೆ. ಮೆರುಗು ಹಚ್ಚಿದ ಗಟ್ಟಿ ಪಾತ್ರೆಗಳಿಗೆ 1200ರ ಮೇಲೆ ಹೋಗಬೇಕು. ತಂತಿ ಯಾವಾಗಲೂ ಭಟ್ಟಿಯ ಗಾಳಿಗಿಂತ ನೂರು ಡಿಗ್ರಿಯಾದರೂ ಹೆಚ್ಚು ಕಾದಿರುವುದರಿಂದ ಅಲ್ಲಿ ಕಾಂತಲ್ ಎ-1 ಬಿಟ್ಟು ಬೇರೆಯದು ನಿಲ್ಲುವುದಿಲ್ಲ. 3000 ವ್ಯಾಟಿನ ಸಣ್ಣ ಭಟ್ಟಿಗೆ 17.6 ಓಮ್ ಬೇಕು. 16 ಗೇಜಿನ ಎ-1 ಆದರೆ 25 ಮೀಟರ್, ಹೊರೆ 2.3 ವ್ಯಾಟ್, ಇದು ಈ ಶಾಖಕ್ಕೆ ಹೆಚ್ಚಾಯಿತು. 14 ಗೇಜಿನಲ್ಲಿ 39 ಮೀಟರ್ ಹಿಡಿಯುತ್ತದೆ, ಹೊರೆ 1.2ಕ್ಕೆ ಇಳಿಯುತ್ತದೆ. ತಂತಿಗೆ ಹೆಚ್ಚು ಹಣ ಹೋದರೂ ಎರಡನೆಯದನ್ನೇ ಹಾಕಬೇಕು. ಸುರುಳಿ ಕೂರುವ ಇಟ್ಟಿಗೆ ಅಲ್ಯೂಮಿನಾ ಹೆಚ್ಚಿರುವ, ಕಬ್ಬಿಣದ ಅಂಶ ಕಡಿಮೆ ಇರುವ ಬಿಳಿ ಇಟ್ಟಿಗೆಯಾಗಿರಬೇಕು; ಕೆಂಪು ಛಾಯೆಯ ಬೆಂಕಿ ಇಟ್ಟಿಗೆ ಕಾಂತಲ್‌ನ ಪದರವನ್ನು ತಿನ್ನುತ್ತದೆ.

ಉಕ್ಕು ಹದಗೊಳಿಸುವ, 950 ಡಿಗ್ರಿಯೊಳಗಿನ ಭಟ್ಟಿಗಳಲ್ಲಿ ಎರಡೂ ನಡೆಯುತ್ತವೆ. ಸುರುಳಿ ಪಿಂಗಾಣಿ ಕೊಳವೆಯ ಮೇಲೆ ಅಥವಾ ಗಾಡಿಯಲ್ಲಿ ಕೂತಿದ್ದರೆ ಕಾಂತಲ್, ಗೋಡೆಗೆ ಕೊಕ್ಕೆಗಳಿಂದ ತೂಗುಹಾಕಿದ್ದರೆ ನೈಕ್ರೋಮ್ ಎಂದು ನಾನು ಆರಿಸುತ್ತೇನೆ. ಹೊಪ್ಪಳೆ ಉದುರುವ ಕೆಲಸವಾದರೆ ತಳದ ಸುರುಳಿಗಳ ಮೇಲೆ ಹಂಚು ಮುಚ್ಚಿರಬೇಕು.

ಸುತ್ತುವುದು, ಜೋಡಿಸುವುದು, ಮೊದಲ ಬಾರಿ ಕಾಯಿಸುವುದು

ಸುರುಳಿಯ ಅಡ್ಡಳತೆ ತಂತಿಯ ದಪ್ಪದ ಆರೇಳು ಪಟ್ಟು ಇದ್ದರೆ ಚೆಂದ. 2000 ವ್ಯಾಟಿನ ಶೆಗಡಿಗೆ 20 ಗೇಜಿನ ಹದಿನಾರು ಮೀಟರ್ ತಂತಿಯನ್ನು 6 ಮಿ.ಮೀ. ಸರಳಿನ ಮೇಲೆ ಒತ್ತೊತ್ತಾಗಿ ಸುತ್ತಿದರೆ ಸುಮಾರು 730 ಸುತ್ತುಗಳಾಗಿ, ಸುರುಳಿಯ ಉದ್ದ 67 ಸೆಂಟಿಮೀಟರ್ ಬರುತ್ತದೆ. ಶೆಗಡಿಯ ಗಾಡಿಯ ಉದ್ದವನ್ನು ದಾರದಿಂದ ಅಳೆದು, ಸುರುಳಿಯನ್ನು ಒಂದೇ ಸಮ ಎಳೆದು ಆ ಉದ್ದಕ್ಕೆ ತರಬೇಕು. ಎರಡರಿಂದ ಎರಡೂವರೆ ಪಟ್ಟು ಹಿಗ್ಗಿದರೆ ಸುತ್ತುಗಳ ನಡುವೆ ತಕ್ಕ ಸಂದು ಬೀಳುತ್ತದೆ. ಎಲ್ಲಿ ಸುತ್ತುಗಳು ಒತ್ತಾಗಿ ಉಳಿದವೋ ಅಲ್ಲಿ ಶಾಖ ಸೇರಿ ತಂತಿ ಮೊದಲು ಹೋಗುತ್ತದೆ. ಹಿಗ್ಗಿಸಿದ ಮೇಲೆ ಒಮ್ಮೆ ಮಂದವಾಗಿ ಕಾಯಿಸಿ, ಕತ್ತಲಲ್ಲಿ ನೋಡಿದರೆ ಹೆಚ್ಚು ಹೊಳೆಯುವ ಜಾಗಗಳು ಕಾಣುತ್ತವೆ. ಕರೆಂಟು ತೆಗೆದು ಅವನ್ನು ಬಿಡಿಸಬೇಕು.

ತುದಿಗಳು ಸ್ಕ್ರೂ ಬಳಿ ಕಾಯಬಾರದು. ಇದಕ್ಕೆಂದೇ ತುದಿಯ ಒಂದು ಗೇಣು ತಂತಿಯನ್ನು ಮಡಚಿ ಎರಡೆಳೆ ಮಾಡಿ ಹೊಸೆಯಬೇಕು. ಎರಡೆಳೆಯಲ್ಲಿ ರೋಧ ಅರ್ಧವಾಗುವುದರಿಂದ ಆ ಭಾಗ ತಣ್ಣಗಿರುತ್ತದೆ. ಹೊಸೆದ ತುದಿಗೆ ಪಿಂಗಾಣಿ ಮಣಿ ಏರಿಸಿ, ವಾಶರ್ ಇಟ್ಟು ಬಿಗಿಯಬೇಕು. ತವರದ ಬೆಸುಗೆ ಈ ತಂತಿಗಳಿಗೆ ಹಿಡಿಯುವುದಿಲ್ಲ, ಹಿಡಿದರೂ ಶಾಖಕ್ಕೆ ಕರಗುತ್ತದೆ. ಹಳೆಯ ಶೆಗಡಿಗಳಲ್ಲಿ ತಳಕ್ಕೆ ಕಲ್ನಾರಿನ ಹಾಳೆ ಇರುವುದುಂಟು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದರಿಂದ ಒಣಗಿದ್ದಾಗ ಕೆರೆಯದೆ, ಒದ್ದೆ ಮಾಡಿ ತೆಗೆದು, ಮೈಕಾ ಹಾಳೆ ಹಾಕುವುದು ಒಳ್ಳೆಯದು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇದ್ದು, ಶೆಗಡಿಯ ಲೋಹದ ಮೈಗೆ ಅರ್ಥಿಂಗ್ ಜೋಡಿಸಿರಬೇಕು.

ಕಾಂತಲ್ ಹಾಕಿದ ಭಟ್ಟಿಯನ್ನು ಮೊದಲ ದಿನವೇ ಸರಕು ತುಂಬಿ ಸುಡಬಾರದು. ಬರಿದಾಗಿ, ಬಾಗಿಲು ತುಸು ತೆರೆದು ಗಾಳಿಯಾಡುವಂತೆ ಇಟ್ಟು, ಮೊದಲು ಇಟ್ಟಿಗೆಯ ತೇವ ಆರಿಸಬೇಕು. ಅನಂತರ 1050 ಡಿಗ್ರಿಗೆ ಏರಿಸಿ ಏಳೆಂಟು ತಾಸು ಹಿಡಿದರೆ ಅಲ್ಯೂಮಿನಾ ಪದರ ಪೂರ್ತಿ ಕೂರುತ್ತದೆ. ಈ ಕೆಲಸ ಮುಗಿಯುವವರೆಗೆ ಇದ್ದಿಲಿನ ಪೆಟ್ಟಿಗೆ, ಉಪ್ಪು, ಮೆರುಗಿನ ಹುಡಿ ಯಾವುದನ್ನೂ ಒಳಗಿಡಬಾರದು. ಆಮೇಲೆ ಸುರುಳಿ ಎಲ್ಲಾದರೂ ಗಾಡಿಯಿಂದ ಹೊರಬಂದರೆ, ಕರೆಂಟು ಪೂರ್ತಿ ತೆಗೆದು, ಆ ಜಾಗವನ್ನು ಗ್ಯಾಸಿನ ಟಾರ್ಚಿನಿಂದ ಕೆಂಪಗೆ ಕಾಯಿಸಿ, ಕೆಂಪಾಗಿರುವಾಗಲೇ ಇಕ್ಕಳದಿಂದ ಮೆಲ್ಲಗೆ ಒಳಗೆ ತಳ್ಳಬೇಕು.